21 ಹೆಸರುಗಳಲ್ಲಿ ನಮ್ಮದೂ ಇರಲಿ: ಇಂಗ್ಲೆಂಡಿನ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನಲ್ಲಿ ಮನೆ ಮಾಡಿಕೊಂಡಿರುವ ನನ್ನ ಕನ್ನಡದ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ,

ನಮಸ್ಕಾರ.

2023ರ ಆಗಸ್ಟ್ 5, ಶನಿವಾರ ರಾತ್ರಿ. ಡಡ್ಲಿ ಊರಿನ ನಮ್ಮ ಮನೆಯಿಂದ ಕೆಲವೇ ಮೈಲಿ ದೂರದ ಹಿಮ್ಲಿಯಲ್ಲಿದ್ದ 'ಕ್ರೂಕೆಡ್ ಹೌಸ್', ಎಂದರೆ ಸೊಟ್ಟ ಮನೆ, ಎಂಬ ಹಳೆಯ ಪಬ್ಬಿಗೆ ಬೆಂಕಿ ಬಿತ್ತು. ಅಗ್ನಿಶಾಮಕ ದಳದವರು ಹೊರಟು ಬಂದರೆ ಅಲ್ಲಿಗೆ ಹೋಗುವ ಸಣ್ಣ ದಾರಿಗೆ ಮಣ್ಣಿನ ಗುಡ್ಡೆ ಅಡ್ಡ ಹಾಕಿತ್ತು. ಚಾವಣಿ ಹೋಯಿತು, ಒಳಗಿನದೆಲ್ಲ ಸುಟ್ಟಿತು, ಆದರೆ ಗೋಡೆಗಳು ನಿಂತಿದ್ದವು. ಸೋಮವಾರ ಯಂತ್ರ ಬಂದು ಆ ಗೋಡೆಗಳನ್ನೂ ಕೆಡವಿತು. ಎರಡೂವರೆ ಶತಮಾನ ನಿಂತಿದ್ದ ಮನೆ ಎರಡು ದಿನದಲ್ಲಿ ಇಟ್ಟಿಗೆಯ ರಾಶಿಯಾಯಿತು.

ಅಂದು ನಾನಿರುವ ಒಂದು ಕನ್ನಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಆ ರಾಶಿಯ ಫೋಟೋ ಹಾಕಿದರು. ಕೆಳಗೆ ಬಂದ ಮೊದಲ ಉತ್ತರ: 'ಕುಡುಕರಿಗೆ ಒಂದು ಅಡ್ಡಾ ಕಡಿಮೆಯಾಯಿತು ಬಿಡಿ.' ಅದಕ್ಕೆ ನಾಲ್ಕಾರು ಜನ ಹೆಬ್ಬೆರಳು ಎತ್ತಿದ್ದರು. ಬರೆದವರು ಕೆಟ್ಟವರಲ್ಲ. ನನಗಿಂತ ಮೊದಲೇ ಈ ದೇಶಕ್ಕೆ ಬಂದವರು, ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುವವರು, ಯುಗಾದಿಗೆ ಐವತ್ತು ಜನರಿಗೆ ಹೋಳಿಗೆ ಮಾಡಿ ಬಡಿಸುವವರು. ಅವರಿಗೆ ಅಲ್ಲೇ ಉತ್ತರ ಕೊಡಬೇಕಿತ್ತು. ಕೊಡಲಾಗಲಿಲ್ಲ, ಏಕೆಂದರೆ ಕೆಲವು ವರ್ಷಗಳ ಹಿಂದೆ ನಾನೂ ಅಂಥದೇ ಮಾತು ಆಡಿದ್ದೆ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ, ಎಲ್ಲರಿಗೂ ಸೇರಿಸಿ. ಹಳೆಯ ಪಬ್ಬುಗಳನ್ನು ಉಳಿಸುವ ಅರ್ಜಿಗಳಲ್ಲಿ ನಮ್ಮ ಹೆಸರೂ ಇರಲಿ ಎಂಬುದೇ ಅದರ ಸಾರ.

ಮೊದಲು ಆ ಮನೆಯ ವಿಷಯ ಹೇಳುತ್ತೇನೆ.

ಅದನ್ನು ಕಟ್ಟಿದ್ದು 1765ರಲ್ಲಿ. ಮೈಸೂರಿನಲ್ಲಿ ಹೈದರಾಲಿ ಅಧಿಕಾರ ಹಿಡಿದು ಆಗ ನಾಲ್ಕು ವರ್ಷವಾಗಿತ್ತು. ಮೊದಲಿಗೆ ಅದು ಪಬ್ ಅಲ್ಲ, ಒಕ್ಕಲುತನದ ಮನೆ. ಸುಮಾರು 1830ರ ಹೊತ್ತಿಗೆ ಪಬ್ಬಾಯಿತು. ಅದೇ ವರ್ಷ ಈ ದೇಶದಲ್ಲಿ ಬಿಯರ್ ಹೌಸ್ ಕಾಯ್ದೆ ಬಂದಿತ್ತು: ತೆರಿಗೆ ಕಟ್ಟುವ ಯಾವ ಮನೆಯವರೇ ಆಗಲಿ, ಎರಡು ಗಿನಿ ಕೊಟ್ಟು ಪರವಾನಗಿ ಪಡೆದರೆ ತಮ್ಮ ಮನೆಯಲ್ಲೇ ಬಿಯರ್ ತಯಾರಿಸಿ ಮಾರಬಹುದು. ಜನ ಜಿನ್ ಕುಡಿದು ಹಾಳಾಗುತ್ತಿದ್ದಾರೆ, ಬಿಯರ್ ಆದರೆ ಪರವಾಗಿಲ್ಲ ಎಂಬುದು ಅಂದಿನ ಸರ್ಕಾರದ ಲೆಕ್ಕಾಚಾರ. ಆರೇ ತಿಂಗಳಲ್ಲಿ ಸುಮಾರು 24 ಸಾವಿರ ಮನೆಗಳು ಪರವಾನಗಿ ಪಡೆದವು. ಪಡಸಾಲೆಯಲ್ಲಿ ಎರಡು ಬೆಂಚು, ಹಿತ್ತಲಲ್ಲಿ ಹಂಡೆ, ಬಾಗಿಲಿಗೊಂದು ಬೋರ್ಡು, ಅಷ್ಟೇ ಬಂಡವಾಳ. ಪಬ್ಲಿಕ್ ಹೌಸ್ ಎಂಬ ಹೆಸರನ್ನು ನಾವು 'ಪಬ್' ಎಂದು ಮೊಟಕು ಮಾಡಿ ಅದರೊಳಗಿನ 'ಮನೆ'ಯನ್ನು ಮರೆತಿದ್ದೇವೆ. ಅದು ನಿಜವಾಗಿ ಯಾರದೋ ಮನೆಯೇ. ಇಂದಿಗೂ ಎಷ್ಟೋ ಪಬ್ಬುಗಳಲ್ಲಿ ನಡೆಸುವ ದಂಪತಿ ಮಹಡಿಯ ಮೇಲೆ ವಾಸಿಸುತ್ತಾರೆ, ಅವರ ನಾಯಿ ಕೆಳಗೆ ಒಲೆಯ ಮುಂದೆ ಮಲಗಿರುತ್ತದೆ.

ಈ ಪ್ರದೇಶಕ್ಕೆ ಬ್ಲ್ಯಾಕ್ ಕಂಟ್ರಿ ಎಂದು ಹೆಸರು. ನೆಲದಡಿಯಲ್ಲಿ ಕೆಲವು ಕಡೆ ಮೂವತ್ತು ಅಡಿ ದಪ್ಪದ ಕಲ್ಲಿದ್ದಲಿನ ಪದರವಿತ್ತು. ಅದನ್ನು ಅಗೆದು ಅಗೆದು ಊರಿಗೆ ಊರೇ ಟೊಳ್ಳು ನೆಲದ ಮೇಲೆ ನಿಂತಿತು. ಆ ಮನೆಯ ಕೆಳಗಿನ ಗಣಿಯೂ ಕುಸಿಯಿತು. ಕಟ್ಟಡದ ಒಂದು ಬದಿ ಇನ್ನೊಂದಕ್ಕಿಂತ ಸುಮಾರು ನಾಲ್ಕು ಅಡಿ ಕೆಳಗಿಳಿದು, ಹದಿನೈದು ಡಿಗ್ರಿಯಷ್ಟು ವಾಲಿಕೊಂಡು, ಅಲ್ಲೇ ನಿಂತುಬಿಟ್ಟಿತು. ಊರವರು ಅದನ್ನು 'ಸೈಡನ್ ಹೌಸ್' ಎಂದರು. ಇಲ್ಲಿನ ಆಡುಮಾತಿನಲ್ಲಿ ಸೈಡನ್ ಎಂದರೆ ಸೊಟ್ಟ. ಮುಂದೆ ಆ ಜಮೀನಿನ ಒಡೆಯ ಸರ್ ಸ್ಟೀಫನ್ ಗ್ಲಿನ್ ಅವರ ಹೆಸರಿನಲ್ಲಿ 'ಗ್ಲಿನ್ ಆರ್ಮ್ಸ್' ಎಂಬ ಬೋರ್ಡು ಬಂತು. ಪ್ರಧಾನಿಯಾಗಿದ್ದ ಗ್ಲ್ಯಾಡ್‌ಸ್ಟನ್ ಅವರ ಹೆಂಡತಿಯ ಅಣ್ಣ ಈತ. ಬೋರ್ಡಿನ ಮೇಲೆ ಒಡೆಯನ ಹೆಸರಿದ್ದರೂ ಜನ ತಮ್ಮ ಬಾಯಿಗೆ ಬಂದ ಹೆಸರನ್ನು ಬಿಡಲಿಲ್ಲ, ಕೊನೆಗೆ ಅದೇ ಗೆದ್ದಿತು.

1940ರ ದಶಕದಲ್ಲಿ ಅದು ಅಪಾಯಕಾರಿ ಎಂದು ಘೋಷಿತವಾಗಿ, ಕೆಡವುವ ಮಾತು ಬಂದಿತ್ತು. ಆಗ ವುಲ್ವರ್‌ಹ್ಯಾಂಪ್ಟನ್ ಅಂಡ್ ಡಡ್ಲಿ ಬ್ರೂವರೀಸ್ ಅದನ್ನು ಕೊಂಡು, ಹೊರಗಿನಿಂದ ದಪ್ಪ ಇಟ್ಟಿಗೆಯ ಆಸರೆಗೋಡೆ ಕಟ್ಟಿಸಿ, ಉಕ್ಕಿನ ತೊಲೆ ಕೊಟ್ಟು ಉಳಿಸಿಕೊಂಡಿತು. ನೆಟ್ಟಗೆ ಮಾಡಲು ಹೋಗಲಿಲ್ಲ. ಇದ್ದ ಹಾಗೆಯೇ ನಿಲ್ಲಿಸಿತು. ನನಗೆ ಈ ಸಂಗತಿ ಬಹಳ ಇಷ್ಟ.

ನಾನು ಧಾರವಾಡದವಳು. 2004ರಲ್ಲಿ ಫಾರ್ಮಸಿಸ್ಟ್ ಕೆಲಸಕ್ಕೆ ಇಲ್ಲಿಗೆ ಬಂದೆ. ಮೊದಲ ಆರು ವರ್ಷ ಒಂದೇ ಒಂದು ಪಬ್ಬಿನ ಹೊಸ್ತಿಲು ತುಳಿಯಲಿಲ್ಲ. ಸಹೋದ್ಯೋಗಿಗಳು ಶುಕ್ರವಾರ ಸಂಜೆ ಕರೆದಾಗಲೆಲ್ಲ ಮಗಳ ನೆಪ, ಅಡುಗೆಯ ನೆಪ. ಹಿರಿಯ ನರ್ಸ್ ಒಬ್ಬರ ನಿವೃತ್ತಿಯ ಊಟ ಕ್ರೂಕೆಡ್ ಹೌಸಿನಲ್ಲಿ ಗೊತ್ತಾದಾಗ ಯಾವ ನೆಪವೂ ಉಳಿಯಲಿಲ್ಲ. ನನಗೆ ಕೆಲಸ ಕಲಿಸಿದ ಹೆಣ್ಣುಮಗಳು ಆಕೆ. ಹೋದೆ. ಬಾಗಿಲು ದಾಟಿದ ತಕ್ಷಣ ತಲೆ ತಿರುಗಿತು. ಗೋಡೆ ಒಂದು ಕಡೆ, ಕಿಟಕಿ ಇನ್ನೊಂದು ಕಡೆ, ಕಾಲು ಮತ್ತೊಂದು ಕಡೆ. ಸೂರಿನಿಂದ ನೇರವಾಗಿ ಇಳಿಬಿದ್ದ ದೀಪವೇ ವಾಲಿದಂತೆ ಕಾಣುತ್ತಿತ್ತು. ನಾನು ಲೈಮ್ ಸೋಡಾ ಕೇಳಿದೆ. ಯಾರೂ ಹುಬ್ಬೇರಿಸಲಿಲ್ಲ. ಕೌಂಟರಿನ ಹಿಂದಿದ್ದಾಕೆ 'ಆಲ್‌ರೈಟ್, ಬ್ಯಾಬ್' ಎಂದು ಲೋಟ ಮುಂದಿಟ್ಟರು. ಬ್ಯಾಬ್ ಎಂದರೆ ಇಲ್ಲಿಯ ಮಾತಿನಲ್ಲಿ ಮಗಾ, ಪುಟ್ಟಿ ಎಂಬ ಹಾಗೆ. ಆರು ವರ್ಷ ಹೆದರಿ ದೂರವಿದ್ದ ಜಾಗದಲ್ಲಿ ಮೊದಲ ಮಾತೇ ಅದಾಗಿತ್ತು.

ಎರಡು ವರ್ಷದ ಮೇಲೆ ನಮ್ಮ ಅವ್ವ ಧಾರವಾಡದಿಂದ ಬಂದಳು. ಅವಳನ್ನೂ ಕರೆದುಕೊಂಡು ಹೋದೆ. ಹೆಂಡದ ವಾಸನೆ ಎಂದು ಸೆರಗು ಮೂಗಿಗೆ ಹಿಡಿದೇ ಒಳಗೆ ಬಂದಳು. ಅಲ್ಲಿ ಒಂದು ಆಟವಿತ್ತು: ಮೇಜಿನ ಮೇಲೆ ಗೋಲಿ ಇಟ್ಟರೆ ಅದು ಏರಿನ ಕಡೆಗೆ ಉರುಳುತ್ತ ಹೋಗುತ್ತದೆ. ಹೋಗುವುದು ಇಳಿಜಾರಿನ ಕಡೆಗೇ, ಆದರೆ ಕೋಣೆಯೆಲ್ಲ ಒಂದೇ ಕಡೆ ವಾಲಿರುವಾಗ ಕಣ್ಣು ಕಿಟಕಿಯ ಚೌಕಟ್ಟನ್ನೇ ನೇರವೆಂದು ನಂಬುತ್ತದೆ. ಪಕ್ಕದ ಮೇಜಿನ ಅಜ್ಜ ಒಬ್ಬರು ಜೇಬಿನಿಂದ ಗೋಲಿ ತೆಗೆದು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಬಿಟ್ಟಳು, ಅದು ಮೇಲಕ್ಕೆ ಹೋಯಿತು. ಮತ್ತೆ ಬಿಟ್ಟಳು. ಇಂಗ್ಲಿಷಿನ ಒಂದಕ್ಷರ ಬಾರದ ಅವ್ವನೂ ಕನ್ನಡದ ಒಂದಕ್ಷರ ಬಾರದ ಆ ಅಜ್ಜನೂ ಅರ್ಧ ತಾಸು ಗೋಲಿ ಆಡಿದರು. ಹೊರಗೆ ಬಂದ ಮೇಲೆ ಅವ್ವ ಹಿಂತಿರುಗಿ ಕಟ್ಟಡ ನೋಡುತ್ತ, 'ನಮ್ಮ ಊರಾಗಾಗಿದ್ರ ವಾಸ್ತು ಸರಿಯಿಲ್ಲಂತ ಎಂದೋ ಕೆಡವಿ ಒಗೀತಿದ್ರು. ಇವ್ರು ನೋಡು, ಆಸರಿ ಕೊಟ್ಟು ನಿಲ್ಲಿಸ್ಯಾರ' ಎಂದಳು. ಅವ್ವ ಈಗಿಲ್ಲ. ಆ ಮನೆ ಬಿದ್ದ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಮಾತು.

ಕುಡಿತದ ವಿಷಯವನ್ನು ನಾನು ತಳ್ಳಿಹಾಕುವುದಿಲ್ಲ. ಹಾಗೆ ಮಾಡಿದರೆ ಈ ಪತ್ರ ಸುಳ್ಳಾಗುತ್ತದೆ. ಸಾರಾಯಿ ಏನು ಮಾಡುತ್ತದೆಂಬುದನ್ನು ನೋಡುತ್ತಲೇ ಬೆಳೆದವಳು ನಾನು. ನಮ್ಮ ಓಣಿಯಲ್ಲಿ ಸಂಬಳದ ದಿನ ಗಂಡಂದಿರು ಮನೆ ಮುಟ್ಟುವ ಮೊದಲೇ ಹೆಂಡತಿಯರು ಅಂಗಡಿಯ ಮುಂದೆ ಹೋಗಿ ನಿಲ್ಲುತ್ತಿದ್ದರು. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಇಲ್ಲಿ ಕೂತೇ ನಾನು ಸಂತೋಷಪಟ್ಟೆ. ಇಂಗ್ಲೆಂಡಿನ ಚರಿತ್ರೆಯಲ್ಲೂ ಇದೇ ಕಥೆಯಿದೆ. ಬ್ಲ್ಯಾಕ್ ಕಂಟ್ರಿಯ ಗಣಿಗಳಲ್ಲಿ 'ಬಟ್ಟಿ' ಎಂಬ ಗುತ್ತಿಗೆದಾರರಿದ್ದರು. ಕೆಲವರಿಗೆ ಸ್ವಂತ ಪಬ್ಬೂ ಇರುತ್ತಿತ್ತು. ಕೂಲಿಯನ್ನು ಅಲ್ಲೇ ಹಂಚುತ್ತಿದ್ದರು, ಹಣ ಅಲ್ಲೇ ಉಳಿಯುತ್ತಿತ್ತು. 1842ರ ಗಣಿ ಕಾಯ್ದೆ ಹೆಂಗಸರನ್ನೂ ಚಿಕ್ಕ ಹುಡುಗರನ್ನೂ ಗಣಿಯೊಳಗೆ ಇಳಿಸುವುದನ್ನು ನಿಲ್ಲಿಸಿತು. ಪಬ್ಬಿನಲ್ಲಿ ಗಣಿಯಾಳುಗಳ ಕೂಲಿ ಕೊಡುವುದನ್ನು ತಡೆದದ್ದೂ ಅದೇ ಕಾಯ್ದೆ. 1883ರಲ್ಲಿ ಉಳಿದ ಕೂಲಿಕಾರರಿಗೂ ಆ ರಕ್ಷಣೆ ಸಿಕ್ಕಿತು.

ಆದರೆ ಇವತ್ತಿನ ಮಾತು ಬೇರೆ. ಈಗ ಅತಿಯಾಗಿ ಕುಡಿಯಬೇಕೆಂದವರು ಪಬ್ಬಿಗೆ ಹೋಗಬೇಕಾಗಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ಅದಕ್ಕಿಂತ ಎಷ್ಟೋ ಅಗ್ಗವಾಗಿ ಸಿಗುತ್ತದೆ, ಮನೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕುಡಿಯಬಹುದು. ಪಬ್ಬಿನಲ್ಲಾದರೆ ಕೌಂಟರಿನ ಹಿಂದೆ ಒಬ್ಬರು ನೋಡುತ್ತಿರುತ್ತಾರೆ. ಅಮಲೇರಿದವರಿಗೆ ಮತ್ತೆ ಸುರಿದು ಕೊಡುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ. 'ಇವತ್ತಿಗೆ ಸಾಕು, ಮನೆಗೆ ಹೋಗು' ಎಂದು ಹೇಳುವ ಲ್ಯಾಂಡ್‌ಲೇಡಿಯನ್ನು, ಎಂದರೆ ಪಬ್ ನಡೆಸುವ ಹೆಂಗಸನ್ನು, ನಾನೇ ಕಣ್ಣಾರೆ ಕಂಡಿದ್ದೇನೆ. ಅಂಥ ಹೆಂಗಸರನ್ನು ಇಲ್ಲಿಯ ಜನ ಹೇಗೆ ನೆನೆಯುತ್ತಾರೆ ಗೊತ್ತೇ? ನೆದರ್ಟನ್ನಿನಲ್ಲಿ 'ಓಲ್ಡ್ ಸ್ವಾನ್' ಎಂಬ ಪಬ್ಬಿದೆ. ಒಳಗೆ ಹೋದರೆ ಚಾವಣಿಯನ್ನೊಮ್ಮೆ ತಲೆಯೆತ್ತಿ ನೋಡಬೇಕು, ಎನಾಮಲ್ ತಗಡಿನ ಮೇಲೆ ದೊಡ್ಡದೊಂದು ಹಂಸವಿದೆ. 1970ರ ದಶಕದ ಆರಂಭದಲ್ಲಿ, ದೇಶದಲ್ಲೆಲ್ಲ ತನ್ನ ಬಿಯರನ್ನು ತಾನೇ ತಯಾರಿಸುತ್ತಿದ್ದ ಹಳೆಯ ಪಬ್ಬುಗಳು ನಾಲ್ಕೇ ಉಳಿದಿದ್ದವು, ಅದರಲ್ಲಿ ಇದೂ ಒಂದು. ಅದನ್ನು ನಡೆಸುತ್ತಿದ್ದವರು ಡೋರಿಸ್ ಪಾರ್ಡೋ. ಇಂದಿಗೂ ಡಡ್ಲಿಯಲ್ಲಿ ಯಾರನ್ನಾದರೂ ಓಲ್ಡ್ ಸ್ವಾನ್ ಎಲ್ಲಿ ಎಂದು ಕೇಳಿದರೆ ತಕ್ಷಣ ಹೊಳೆಯಲಿಕ್ಕಿಲ್ಲ. 'ಮಾ ಪಾರ್ಡೋಸ್' ಎನ್ನಿ, ಕೈ ಮಾಡಿ ತೋರಿಸುತ್ತಾರೆ. ಪಾರ್ಡೋ ಅಮ್ಮನ ಮನೆ.

ನೀವು ಪಬ್ಬಿಗೆ ಹೋಗಿ ಕುಡಿಯಬೇಕೆಂದು ನಾನು ಹೇಳುತ್ತಿಲ್ಲ. ನಾನಿನ್ನೂ ಲೈಮ್ ಸೋಡಾದವಳೇ. ಚೀಸ್ ಮತ್ತು ಈರುಳ್ಳಿ ಇಟ್ಟ ಕಾಬ್, ಎಂದರೆ ದುಂಡನೆಯ ಬ್ರೆಡ್ಡು, ಸಸ್ಯಾಹಾರಿಗಳ ಹೊಟ್ಟೆಗೆ ಸಾಕು. ಮೊದಲ ಸಲ ಹೋಗುವವರಿಗೆ ಕೆಲವು ರೂಢಿಗಳು ಗೊತ್ತಿದ್ದರೆ ಮುಜುಗರವಿಲ್ಲ. ಯಾರೂ ಬಂದು ಕೂರಿಸುವುದಿಲ್ಲ, ಮೆನು ತಂದುಕೊಡುವುದಿಲ್ಲ, ನಾವೇ ಕೌಂಟರಿಗೆ ಹೋಗಿ ಕೇಳಬೇಕು. ಅಲ್ಲಿ ಸಾಲು ಕಾಣಿಸದಿದ್ದರೂ ಸರದಿಯಿದೆ, ಯಾರು ಮೊದಲು ಬಂದರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ನಾಲ್ಕು ಜನ ಹೋದರೆ ಒಬ್ಬೊಬ್ಬರು ಒಂದೊಂದು ಸಲ ಎಲ್ಲರ ಪರವಾಗಿ ತರುತ್ತಾರೆ. ಅದಕ್ಕೆ ರೌಂಡ್ ಎನ್ನುತ್ತಾರೆ, ಅದನ್ನು ತಪ್ಪಿಸಿಕೊಳ್ಳುವವರ ಹೆಸರು ಬಹಳ ದಿನ ನೆನಪಿನಲ್ಲಿರುತ್ತದೆ. ಮೂಲೆಯಲ್ಲಿ ಡಾಮಿನೋಸ್ ಆಡುವವರು, ಗೋಡೆಗೆ ಡಾರ್ಟ್ಸ್ ಬೋರ್ಡು, ವಾರಕ್ಕೊಮ್ಮೆ ಕ್ವಿಜ್, ಕೌಂಟರಿನ ಮೇಲೆ ಯಾವುದೋ ಆಸ್ಪತ್ರೆಗೆಂದು ಚಿಲ್ಲರೆ ಹಾಕುವ ಡಬ್ಬಿ. ನಮ್ಮ ಕಡೆ ಅಗಸಿ ಬಾಗಿಲ ಕಟ್ಟೆಯ ಮೇಲೆ ಸಂಜೆ ಸೇರುತ್ತಿದ್ದವರನ್ನು ನೆನೆಸಿಕೊಳ್ಳಿ: ಮಳೆಯ ಲೆಕ್ಕ, ಯಾರ ಮಗಳಿಗೆ ವರ ಗೊತ್ತಾಯಿತು, ಯಾರ ಎತ್ತಿಗೆ ಕಾಲುಬಾಯಿ ಬೇನೆ ಬಂತು. ವರ್ಷದಲ್ಲಿ ಎಷ್ಟೋ ದಿನ ಮಳೆ ಬೀಳುವ ಈ ದೇಶದಲ್ಲಿ ಆ ಕಟ್ಟೆಗೆ ಚಾವಣಿ ಬೇಕಾಯಿತು, ಒಲೆ ಬೇಕಾಯಿತು.

ಬೋರ್ಡುಗಳ ಬಗ್ಗೆಯೂ ಒಂದು ಮಾತು. 1393ರಲ್ಲಿ ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ ಬಿಯರ್ ಮಾರುವವರು ಬಾಗಿಲಿಗೆ ಗುರುತು ಹಾಕಲೇಬೇಕೆಂಬ ನಿಯಮವಾಯಿತು, ಗುಣ ಪರೀಕ್ಷೆ ಮಾಡುವ ಅಧಿಕಾರಿಗೆ ಮನೆ ಸಿಗಬೇಕಲ್ಲ. ಓದಲು ಬಾರದ ಜನರಿಗೆ ಚಿತ್ರವೇ ಹೆಸರು. ಬಿಳಿ ಜಿಂಕೆ ಆ ದೊರೆಯ ಲಾಂಛನ, 'ವೈಟ್ ಹಾರ್ಟ್' ಎಂಬ ಪಬ್ಬುಗಳು ಇಂದಿಗೂ ಊರೂರಿನಲ್ಲಿವೆ. ಇನ್ನು ನಲ್ಲಿಗಳ ಮೇಲೆ ಐಪಿಎ ಎಂದು ಬರೆದಿರುವುದನ್ನು ನೀವು ನೋಡಿಯೇ ಇರುತ್ತೀರಿ. ಇಂಡಿಯಾ ಪೇಲ್ ಏಲ್ ಎಂಬುದರ ಮೊಟಕು ಅದು, ಮೊದಲಕ್ಷರವೇ ಇಂಡಿಯಾ. ನಮ್ಮ ಪಕ್ಕದ ಸ್ಟಾಫರ್ಡ್‌ಶೈರಿನ ಬರ್ಟನ್ ಊರಿನ ಜಿಪ್ಸಮ್ ಬೆರೆತ ನೀರಿನಿಂದ ತಯಾರಾಗಿ, ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ, ಮದ್ರಾಸು ಕಲ್ಕತ್ತಗಳ ದಂಡುಗಳಿಗೆ ಹೋಗುತ್ತಿದ್ದ ಬಿಯರ್ ಅದು.

ಪಬ್ ಎಲ್ಲರ ಮನೆ ಎಂಬ ಮಾತು ಯಾವಾಗಲೂ ನಿಜವಾಗಿರಲಿಲ್ಲ. ಇದನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮಿಂದ ಸ್ವಲ್ಪ ದೂರದ ಸ್ಮೆತಿಕ್‌ನಲ್ಲಿ 1960ರ ದಶಕದವರೆಗೂ ಎಷ್ಟೋ ಪಬ್ಬುಗಳು ಭಾರತೀಯರನ್ನೂ ಕರಿಯರನ್ನೂ ಒಳಗೇ ಬಿಡುತ್ತಿರಲಿಲ್ಲ. ಬಿಟ್ಟರೂ ಸಾದಾ ಬಾರಿನಲ್ಲಿ ಮಾತ್ರ, ಮೆತ್ತನೆಯ ಕುರ್ಚಿಯ ಲೌಂಜಿನಲ್ಲಿ ಅಲ್ಲ. ಹಗಲೆಲ್ಲ ಎರಕದ ಕುಲುಮೆಯಲ್ಲಿ ಬಿಳಿಯರ ಪಕ್ಕದಲ್ಲೇ ನಿಂತು ಬೆಂದ ಪಂಜಾಬಿಗಳಿಗೆ ಸಂಜೆ ಅವರ ಪಕ್ಕ ಕೂರಲು ಜಾಗವಿಲ್ಲ. ಹಳ್ಳಿಯ ಚಹಾದಂಗಡಿಯ ಹೊರಗೆ ಬೇರೆ ಲೋಟ ಇಡುತ್ತಿದ್ದುದನ್ನು ಕಂಡ ನಮಗೆ ಇದೇನೂ ಹೊಸತಲ್ಲ. ಅದರ ವಿರುದ್ಧ ಎದ್ದು ನಿಂತದ್ದು ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್. ಕುಲುಮೆಯಲ್ಲಿ ದುಡಿಯುತ್ತಿದ್ದ ಅವತಾರ್ ಸಿಂಗ್ ಜೌಹಲ್ ಅವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಬಿಳಿಯ ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಪಬ್ಬಿನಿಂದ ಪಬ್ಬಿಗೆ ಹೋಗಿ, ಎಲ್ಲಿ ಯಾರಿಗೆ ಇಲ್ಲವೆನ್ನುತ್ತಾರೆ ಎಂದು ಬಯಲಿಗೆಳೆದರು. 1965ರ ಫೆಬ್ರವರಿ 12ರಂದು ಅಮೆರಿಕದಲ್ಲಿ ಕರಿಯರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮಾಲ್ಕಮ್ ಎಕ್ಸ್ ಸ್ಮೆತಿಕ್‌ಗೆ ಬಂದರು. ಜೌಹಲ್ ಅವರೊಂದಿಗೆ 'ಬ್ಲೂ ಗೇಟ್ಸ್' ಪಬ್ಬಿಗೆ ಹೋದಾಗ ಅವರಿಗೂ ಲೌಂಜಿನಲ್ಲಿ ಕೊಡುವುದಿಲ್ಲವೆಂದರು. ಒಂಬತ್ತು ದಿನಗಳ ನಂತರ ನ್ಯೂಯಾರ್ಕಿನಲ್ಲಿ ಮಾಲ್ಕಮ್ ಎಕ್ಸ್ ಅವರ ಕೊಲೆಯಾಯಿತು. ಅದೇ ವರ್ಷದ ನವೆಂಬರಿನಲ್ಲಿ ರೇಸ್ ರಿಲೇಷನ್ಸ್ ಕಾಯ್ದೆ ಬಂತು, ಪಬ್ಬಿನ ಬಾಗಿಲಲ್ಲಿ ಬಣ್ಣ ನೋಡುವುದು ಕಾನೂನುಬಾಹಿರವಾಯಿತು.

ಆಮೇಲೆ ಏನಾಯಿತು ನೋಡಿ. ಯಾವ ಪಬ್ಬುಗಳ ಹೊಸ್ತಿಲಲ್ಲಿ ತಡೆದಿದ್ದರೋ ಅಂಥ ಪಬ್ಬುಗಳನ್ನೇ ಪಂಜಾಬಿಗಳು ವಹಿಸಿಕೊಂಡರು. ಕುಲುಮೆಗಳು ಮುಚ್ಚಿ ಗಿರಾಕಿಗಳಿಲ್ಲದೆ ಸಾಯುತ್ತಿದ್ದ ಎಷ್ಟೋ ಪಬ್ಬುಗಳು ಅದರಿಂದ ಉಳಿದುಕೊಂಡವು. ಸ್ಮೆತಿಕ್, ವೆಸ್ಟ್ ಬ್ರಾಮಿಚ್ ಕಡೆ ಅವನ್ನು 'ದೇಸಿ ಪಬ್' ಎನ್ನುತ್ತಾರೆ. ಕಾದ ಕಬ್ಬಿಣದ ತಟ್ಟೆಯ ಮೇಲೆ ಚುಂಯ್ ಎನ್ನುತ್ತ ಮಿಕ್ಸೆಡ್ ಗ್ರಿಲ್ ಬರುತ್ತದೆ, ಪಕ್ಕದಲ್ಲಿ ಬಿಳಿಯ ಮುದುಕರು ಡಾರ್ಟ್ಸ್ ಆಡುತ್ತಿರುತ್ತಾರೆ, ಟಿವಿಯಲ್ಲಿ ಕ್ರಿಕೆಟ್. ವೆಸ್ಟ್ ಬ್ರಾಮಿಚ್‌ನ 'ರೆಡ್ ಲಯನ್'ನಲ್ಲಿ ವಲಸೆ ಬಂದವರ ಕಥೆಯನ್ನು ಬಣ್ಣದ ಗಾಜಿನಲ್ಲಿ ಕೂರಿಸಿದ್ದಾರೆ, ಚರ್ಚಿನ ಕಿಟಕಿಯಲ್ಲಿ ಸಂತರನ್ನು ಕೂರಿಸುವ ಹಾಗೆ. ಈ ಬಾಗಿಲನ್ನು ನಮಗಾಗಿ ತೆರೆಸಿದವರಿದ್ದಾರೆ. ತೆರೆದ ಬಾಗಿಲನ್ನು ದಾಟದೆ ಹೊರಗೇ ನಿಂತು, ಅದು ಮುಚ್ಚಿಹೋದಾಗ 'ಒಳ್ಳೆಯದಾಯಿತು' ಎನ್ನುವುದು ನನಗೆ ಸರಿಕಾಣುವುದಿಲ್ಲ.

ಈಗ ನನ್ನ ತಪ್ಪು. ನಮ್ಮ ಬೀದಿಯ ತುದಿಯಲ್ಲೂ ಒಂದು ಪಬ್ಬಿತ್ತು. ಅಂಥ ದೊಡ್ಡ ಚರಿತ್ರೆಯೇನಿಲ್ಲ, ಕೆಂಪು ಇಟ್ಟಿಗೆಯ ಸಾಮಾನ್ಯ ಕಟ್ಟಡ. ಎದುರು ಮನೆಯ ಹೆಂಡತಿ ತೀರಿಹೋದ ಹಿರಿಯರು ದಿನಾ ಸಂಜೆ ನಾಲ್ಕಕ್ಕೆ ಅಲ್ಲಿಗೆ ಹೋಗಿ ಆರಕ್ಕೆ ಬರುತ್ತಿದ್ದರು, ಗಡಿಯಾರ ನೋಡಬೇಕಾಗಿರಲಿಲ್ಲ. ಪಬ್ಬನ್ನು ಮಾರುತ್ತಾರೆಂಬ ಸುದ್ದಿ ಹಬ್ಬಿದಾಗ ಅವರು ಒಂದು ಅರ್ಜಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಹೆಸರು ಬರೆದು ಸಹಿ ಹಾಕಬೇಕಿತ್ತು. ನಾನು ನಯವಾಗಿಯೇ ಹೇಳಿದೆ: ನಾವು ಕುಡಿಯುವವರಲ್ಲ, ಇದು ನಮ್ಮ ವಿಷಯವಲ್ಲ, ಕ್ಷಮಿಸಿ. ಅವರು 'ನೋ ಬಾದರ್' ಎಂದು ಟೋಪಿ ಸರಿಮಾಡಿಕೊಂಡು ಪಕ್ಕದ ಮನೆಗೆ ಹೋದರು. ನನ್ನ ಒಂದು ಹೆಸರಿನಿಂದ ಏನಾದರೂ ಆಗುತ್ತಿತ್ತೋ ಹೇಳಲಾರೆ. ಆ ಕಟ್ಟಡದಲ್ಲಿ ಈಗ ಎಂಟು ಫ್ಲ್ಯಾಟುಗಳಿವೆ. ಅವರು ನಾಲ್ಕಕ್ಕೆ ಮನೆಯಿಂದ ಹೊರಡುವುದನ್ನು ಬಿಡಲಿಲ್ಲ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿರುತ್ತಿದ್ದರು, ಬಸ್ಸು ಬಂದರೆ ಹತ್ತುತ್ತಿರಲಿಲ್ಲ.

2000ದಲ್ಲಿ ಈ ದೇಶದಲ್ಲಿ 60 ಸಾವಿರ ಪಬ್ಬುಗಳಿದ್ದವು. ಈಗ ಸುಮಾರು 45 ಸಾವಿರ. ಧೂಮಪಾನ ನಿಷೇಧ, ತೆರಿಗೆ, ಕರೆಂಟ್ ಬಿಲ್ಲು, ಕೋವಿಡ್, ಮನೆಯಲ್ಲೇ ಕುಡಿಯುವ ಅಭ್ಯಾಸ ಎಂದು ಕಾರಣ ಕೊಡುತ್ತಾರೆ. ಎಲ್ಲವೂ ನಿಜ. ಅದರ ಜೊತೆಗೆ, ಪಬ್ಬಿನ ವ್ಯಾಪಾರಕ್ಕಿಂತ ಅದು ನಿಂತ ನೆಲಕ್ಕೇ ಬೆಲೆ ಹೆಚ್ಚಾಗಿದೆ. ಬೆಂಗಳೂರಿನ ಹಳೆಯ ಮನೆಗಳಿಗೆ, ಟಾಕೀಸುಗಳಿಗೆ ಏನಾಯಿತೆಂದು ಗೊತ್ತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಕಾನೂನು ಒಂದು ದಾರಿ ಇಟ್ಟಿದೆ, ಅದಕ್ಕಾಗಿಯೇ ಈ ಪತ್ರ. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಊರಿನ ಒಂದು ಪಬ್ಬನ್ನೋ ಅಂಗಡಿಯನ್ನೋ ಸಭಾಂಗಣವನ್ನೋ 'ಅಸೆಟ್ ಆಫ್ ಕಮ್ಯುನಿಟಿ ವ್ಯಾಲ್ಯೂ', ಎಂದರೆ ಊರ ಜನಕ್ಕೆ ಬೇಕಾದ ಆಸ್ತಿ, ಎಂದು ಪಟ್ಟಿಗೆ ಸೇರಿಸಿ ಅಂತ ಕೌನ್ಸಿಲನ್ನು ಕೇಳಬಹುದು. ನಮ್ಮ ಗ್ರಾಮ ಪಂಚಾಯಿತಿಯಂಥ ಪ್ಯಾರಿಷ್ ಕೌನ್ಸಿಲ್ ಕೇಳಬಹುದು, ಅಥವಾ ಸ್ಥಳೀಯ ಮತಪಟ್ಟಿಯಲ್ಲಿರುವ ಕನಿಷ್ಠ 21 ಜನ ಸೇರಿದ ಒಂದು ಗುಂಪು ಕೇಳಬಹುದು. ಕೌನ್ಸಿಲ್ ಒಪ್ಪಿದರೆ ಐದು ವರ್ಷ ಅದು ಪಟ್ಟಿಯಲ್ಲಿರುತ್ತದೆ. ಆ ಅವಧಿಯಲ್ಲಿ ಮಾಲೀಕರು ಮಾರಲು ಹೊರಟರೆ ಮೊದಲು ಕೌನ್ಸಿಲಿಗೆ ತಿಳಿಸಬೇಕು. ಆರು ವಾರದೊಳಗೆ ಊರಿನ ಗುಂಪು 'ನಾವೂ ಕೊಳ್ಳಲು ನೋಡುತ್ತೇವೆ' ಎಂದರೆ, ಒಟ್ಟು ಆರು ತಿಂಗಳು ಮಾರಾಟ ನಿಲ್ಲುತ್ತದೆ. ಊರಿನವರಿಗೇ ಮಾರಬೇಕೆಂಬ ಬಲವಂತವಿಲ್ಲ, ಹಣ ಕೂಡಿಸಲು ಸಮಯ ಸಿಗುತ್ತದೆ, ಅಷ್ಟೇ. ಆ ಅಷ್ಟರಿಂದಲೇ ಎಷ್ಟೋ ಪಬ್ಬುಗಳು ಉಳಿದಿವೆ. ಊರವರೇ ಪಾಲು ಹಾಕಿ ಪಬ್ ಕೊಳ್ಳುವುದು ಈ ಕಾಯ್ದೆಗಿಂತ ಮೊದಲೇ ಶುರುವಾಗಿತ್ತು: 2003ರಲ್ಲಿ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು ನೂರಕ್ಕೂ ಹೆಚ್ಚು ಜನ ಸೇರಿ 'ಓಲ್ಡ್ ಕ್ರೌನ್' ಕೊಂಡರು. ನಮ್ಮ ಹಾಲಿನ ಸೊಸೈಟಿಯ ಹಾಗೆಯೇ.

ಇನ್ನೊಂದು ಮುಖ್ಯ ಸಂಗತಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ವಾಸವಾಗಿರುವವರೂ ಕಾಮನ್‌ವೆಲ್ತ್ ಪ್ರಜೆಗಳೆಂಬ ಕಾರಣಕ್ಕೆ ಇಲ್ಲಿಯ ಮತಪಟ್ಟಿಗೆ ಸೇರಬಹುದು. ಆ 21 ಹೆಸರುಗಳಲ್ಲಿ ನಿಮ್ಮ ಹೆಸರಿಗೂ ಬೇರೆ ಯಾರ ಹೆಸರಿಗೂ ತೂಕದಲ್ಲಿ ವ್ಯತ್ಯಾಸವಿಲ್ಲ. ನಾನು ಅಂದು ನಿರಾಕರಿಸಿದ್ದು ಆ ಹಕ್ಕನ್ನು.

ಬರೆದಿಟ್ಟರೆ ಏನಾದೀತು ಎನ್ನುವವರಿಗೆ ಲಂಡನ್ನಿನ 'ಕಾರ್ಲ್‌ಟನ್ ಟ್ಯಾವರ್ನ್' ಕಥೆ ಹೇಳುತ್ತೇನೆ. ಮೈಡಾ ವೇಲ್‌ನಲ್ಲಿ 1920ರ ಸುಮಾರಿಗೆ ಕಟ್ಟಿದ ಪಬ್. ಎರಡನೆಯ ಮಹಾಯುದ್ಧದ ಬಾಂಬುಗಳನ್ನು ತಾಳಿಕೊಂಡದ್ದು. ಕೆಡವಿ ಫ್ಲ್ಯಾಟ್ ಕಟ್ಟುವ ಅರ್ಜಿಯನ್ನು ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ ತಿರಸ್ಕರಿಸಿತ್ತು. ಆದರೂ 2015ರ ಏಪ್ರಿಲಿನಲ್ಲಿ ಒಂದು ದಿನ ಅನುಮತಿಯಿಲ್ಲದೆ ಕೆಡವಿಯೇಬಿಟ್ಟರು. ಬೀದಿಯವರು ಮೊದಲೇ ಅನುಮಾನಪಟ್ಟು, ಅದನ್ನು ಸಂರಕ್ಷಿತ ಕಟ್ಟಡ ಮಾಡಿರೆಂದು ಕೇಳಿದ್ದರಿಂದ ಅದರ ವಿವರಗಳೆಲ್ಲ ದಾಖಲಾಗಿದ್ದವು. ಇದ್ದ ಹಾಗೆಯೇ ಮತ್ತೆ ಕಟ್ಟಬೇಕೆಂದು ಆದೇಶವಾಯಿತು. ಆರು ವರ್ಷ ಹಿಡಿಯಿತು. 2021ರ ಏಪ್ರಿಲಿನಲ್ಲಿ ಅದರ ಬಾಗಿಲು ಮತ್ತೆ ತೆರೆಯಿತು.

ಕ್ರೂಕೆಡ್ ಹೌಸಿನ ವಿಷಯದಲ್ಲೂ ಸಂರಕ್ಷಣೆಯ ಅರ್ಜಿ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆಗೆ ತಲುಪಿತ್ತು, ತೀರ್ಮಾನಕ್ಕೆ ಮೊದಲೇ ಬೆಂಕಿ ಬಿತ್ತು. ಅದನ್ನು ಮಾರಾಟ ಮಾಡಿ ಆಗಿನ್ನೂ ಕೆಲವೇ ದಿನಗಳಾಗಿದ್ದವು. ಪೊಲೀಸರು ಬೆಂಕಿ ಹಚ್ಚಿದ ಪ್ರಕರಣವೆಂದೇ ತನಿಖೆ ನಡೆಸಿದರು. ಸುರಕ್ಷತೆಗಾಗಿ ಮೇಲಂತಸ್ತಿನ ಕೆಲವು ಭಾಗ ತೆಗೆಯಲು ಒಪ್ಪಿದ್ದೆವು, ಪೂರ್ತಿ ಕೆಡವಲು ಅಲ್ಲ ಎಂದು ಸೌತ್ ಸ್ಟಾಫರ್ಡ್‌ಶೈರ್ ಕೌನ್ಸಿಲ್ ಹೇಳಿತು. 2017ರಿಂದ ಇಂಗ್ಲೆಂಡಿನಲ್ಲಿ ಪಬ್ ಕೆಡವಲು ಯೋಜನಾ ಅನುಮತಿ ಬೇಕೇ ಬೇಕು. 2024ರ ಫೆಬ್ರವರಿಯಲ್ಲಿ ಕೌನ್ಸಿಲ್ ಆದೇಶ ಹೊರಡಿಸಿತು: ಮೂರು ವರ್ಷದೊಳಗೆ, ಬೆಂಕಿಗೆ ಮೊದಲು ಹೇಗಿತ್ತೋ ಹಾಗೆ ಮತ್ತೆ ಕಟ್ಟಬೇಕು. ಮಾಲೀಕರು ಮೇಲ್ಮನವಿ ಹಾಕಿದರು. ಸಾವಿರಾರು ಇಟ್ಟಿಗೆಗಳನ್ನು ತೆಗೆದಿಟ್ಟಿದ್ದಾರೆ. ಸೊಟ್ಟಗಿದ್ದ ಮನೆಯನ್ನು ಮತ್ತೆ ಸೊಟ್ಟಗೇ ಕಟ್ಟಿ ಎಂದು ಜನ ಕೇಳುತ್ತಿದ್ದಾರೆ, ನಾನೂ ಕೇಳುತ್ತಿದ್ದೇನೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಗೆ ಹತ್ತಿರದ ಹಳೆಯ ಪಬ್ ಯಾವುದು ನೋಡಿ. ಒಮ್ಮೆ ಒಳಗೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಕಾಫಿ ಕುಡಿದು ಬನ್ನಿ. ಅದು ಕೌನ್ಸಿಲಿನ ಪಟ್ಟಿಯಲ್ಲಿದೆಯೇ ಎಂದು ಅವರ ವೆಬ್‌ಸೈಟಿನಲ್ಲಿ ಹುಡುಕಿ, ಪಟ್ಟಿ ಎಲ್ಲರಿಗೂ ತೆರೆದಿರುತ್ತದೆ. ಇಲ್ಲದಿದ್ದರೆ ಅಕ್ಕಪಕ್ಕದವರನ್ನು ಕೇಳಿ. ನೀವೇ ಕೇಳಿ, ಅವರು ಬಂದು ಕೇಳಲಿ ಎಂದು ಕಾಯಬೇಡಿ. ಮತಪಟ್ಟಿಯಲ್ಲಿ ಹೆಸರಿಲ್ಲದವರು ಈ ವಾರವೇ ಸೇರಿಸಿಕೊಳ್ಳಿ. ನಮ್ಮ ಸಂಘಗಳು ರಾಜ್ಯೋತ್ಸವಕ್ಕೆ ಸಭಾಂಗಣ ಹುಡುಕುವಾಗ ಪಬ್ಬಿನ ಮೇಲಿನ ಕೋಣೆಯನ್ನೂ ವಿಚಾರಿಸಲಿ, ಅನೇಕ ಕಡೆ ಅದು ಖಾಲಿ ಬಿದ್ದಿರುತ್ತದೆ.

ನಮ್ಮ ಪಕ್ಕದ ಬೀದಿಯಲ್ಲಿ ಇನ್ನೊಂದು ಪಬ್ ಉಳಿದಿದೆ. ಅದರ ಅರ್ಜಿ ಈ ಸಲ ನನ್ನ ಕೈಯಲ್ಲೇ ಇದೆ. ಎದುರು ಮನೆಯ ಹಿರಿಯರ ಹೆಸರು ಮೊದಲನೆಯದು, ನನ್ನದು ಎರಡನೆಯದು. ಹದಿನೇಳಾಗಿವೆ. ಡಡ್ಲಿ ಮತಪಟ್ಟಿಯಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ಓದುತ್ತಿದ್ದರೆ ಬನ್ನಿ. ಗುರುವಾರ ಸಂಜೆ ಏಳಕ್ಕೆ ಕ್ವಿಜ್ ಶುರುವಾಗುತ್ತದೆ. ಕಿಟಕಿಯ ಪಕ್ಕದ ಮೇಜಿನಲ್ಲಿ ನಾನಿರುತ್ತೇನೆ, ಪೆನ್ನೂ ಇರುತ್ತದೆ.

ಇಂತಿ ನಿಮ್ಮ,
ಡಡ್ಲಿಯಲ್ಲಿರುವ ಒಬ್ಬ ಧಾರವಾಡದ ಹೆಣ್ಣುಮಗಳು